ಅನುವಂಶೀಯತೆಯ ಪಾಠಕ್ಕೆ ಧಾರವಾಡದ ಹತ್ತಿ

ಹಿಂದಿನ ಸಾಲಿನ ಅಭ್ಯಾಸ ಬೋಧನೆಯ ಸಮಯದಲ್ಲಿ ಧಾರವಾಡದ ಅಂಚಿನ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪಾಠ ನೋಡುತ್ತ ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಪಾಠದ ವಿಷಯ ಮೆಂಡೆಲನ ಪ್ರಯೋಗ. ನಮ್ಮ ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಬಟಾಣಿ ಹೂವಿನ ಚಿತ್ರವನ್ನು ಅಚ್ಚುಕಟ್ಟಾಗಿ ಬರೆದಿದ್ದಳು. ಮೆಂಡೆಲನು ಒಂದು ಹೂವಿನ ಪರಾಗಕೋಶಗಳನ್ನು ಚಿಮುಟದಿಂದ ತೆಗೆದು, ಇನ್ನೊಂದು ಗಿಡದ ಪರಾಗವನ್ನು ತಂದು ಸವರಿದನು ಎಂದು ವಿವರಿಸುತ್ತಿದ್ದಳು. ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಚಿಮುಟಾ ಬ್ಯಾಡ್ರಿ. ಉಗುರಿನಿಂದ ಹಿಂಗ ಸೀಳಿ ತಗದ್ರ ಪೂರಾ ಒಮ್ಮೆಗೇ ಬರತೈತ್ರಿ" ಎಂದು ಹೆಬ್ಬೆರಳಿನ ಉಗುರನ್ನು ತೋರಿಸಿದಳು. ಉಳಿದ ಮಕ್ಕಳು ನಕ್ಕರು. ಪ್ರಶಿಕ್ಷಣಾರ್ಥಿ, "ಮೊದಲು ನಾನು ಹೇಳುವುದನ್ನು ಕೇಳಮ್ಮ, ಆಮೇಲೆ ನಿನ್ನ ಮಾತು" ಎಂದಳು. ಹುಡುಗಿ ಕುಳಿತಳು. ಪಾಠ ಮುಂದುವರಿಯಿತು. ಆ "ಆಮೇಲೆ" ಬರಲೇ ಇಲ್ಲ.

ಆ ದಿನ ಅವಲೋಕನ ಪತ್ರದಲ್ಲಿ ನಾನು ಬರೆದದ್ದು ಇಷ್ಟು: ಪೀಠಿಕೆ ಉತ್ತಮ, ಕಪ್ಪುಹಲಗೆ ಕೆಲಸ ಉತ್ತಮ, ತರಗತಿ ನಿರ್ವಹಣೆ ಉತ್ತಮ. ಈ ಲೇಖನದಲ್ಲಿ ನಾನು ಆಕ್ಷೇಪಿಸುತ್ತಿರುವುದು ಪ್ರಶಿಕ್ಷಣಾರ್ಥಿಯನ್ನಲ್ಲ, ಆ ಮೂರನೆಯ "ಉತ್ತಮ"ವನ್ನು.

ಬಿಡುವಿನ ವೇಳೆಯಲ್ಲಿ ಆ ಹುಡುಗಿಯನ್ನು ಮಾತಾಡಿಸಿದೆ. ಅವರ ಮೂಲ ಊರು ರಾಣೆಬೆನ್ನೂರು ಕಡೆ. ಅಲ್ಲಿ ಹತ್ತಿಯ ಬೀಜೋತ್ಪಾದನೆಯ ಹೊಲಗಳಲ್ಲಿ "ಕ್ರಾಸಿಂಗ್" ಮಾಡಲು ಅವ್ವನ ಜೊತೆ ಅವಳೂ ಹೋಗಿದ್ದಳು. ಹೂವನ್ನು ಯಾವ ಹೊತ್ತಿಗೆ ಸೀಳಬೇಕು, ಪರಾಗ ಯಾವ ಹೊತ್ತಿಗೆ ಹಚ್ಚಬೇಕು, ಹಚ್ಚಿದ ಹೂವಿಗೆ ದಾರ ಏಕೆ ಕಟ್ಟಬೇಕು ಎಂಬುದನ್ನೆಲ್ಲ ತಡವರಿಸದೆ ಹೇಳಿದಳು. ಕೊನೆಗೆ ತಾನೇ ಒಂದು ಪ್ರಶ್ನೆ ಕೇಳಿದಳು: "ಸರ್, ಹೈಬ್ರೀಡ್ ಹತ್ತಿಕಾಳು ನಮ್ಮಜ್ಜ ಮನ್ಯಾಗ ಇಟ್ಟು ಮರುವರ್ಷ ಬಿತ್ತಿದ್ರಿ. ನಾಟೇನೋ ಛಲೋ ಆತು, ಬೆಳಿ ಮಾತ್ರ ಹಂಗ ಬರಲಿಲ್ಲ. ಯಾಕ್ರಿ?"

ಅದೇ ಪ್ರಶ್ನೆಯನ್ನು ಸಂಜೆ ನಮ್ಮ ವಿಜ್ಞಾನ ವಿಧಾನದ ಪ್ರಶಿಕ್ಷಣಾರ್ಥಿಗಳ ಮುಂದಿಟ್ಟೆ. "ಹೈಬ್ರಿಡ್ ಬೀಜ ಬಂಜೆ, ಅದಕ್ಕೇ ಬರುವುದಿಲ್ಲ" ಎಂದರು ಕೆಲವರು. "ಕಂಪನಿಯವರು ಬೀಜಕ್ಕೆ ಏನೋ ಔಷಧ ಹಾಕಿರುತ್ತಾರೆ" ಎಂದರು ಇನ್ನು ಕೆಲವರು. "ಅದು ಬಿ.ಟಿ. ಅಲ್ಲವೇ ಸರ್?" ಎಂದರು ಉಳಿದವರು. ಮೂರೂ ತಪ್ಪು. ಅವರಲ್ಲಿ ಬಹುತೇಕರು ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವರು, 3:1 ಅನುಪಾತವನ್ನು ಕಣ್ಣು ಮುಚ್ಚಿ ಬರೆಯಬಲ್ಲವರು. ಆ ಅನುಪಾತದಲ್ಲೇ ಅಜ್ಜನ ಹೊಲದ ಉತ್ತರವಿದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ನಾವು ಅದನ್ನು ಹಾಗೆ ಕಲಿಸಿರಲಿಲ್ಲ.

ನನ್ನ ಅಭಿಪ್ರಾಯ ಸರಳವಾದದ್ದು. ಹುಬ್ಬಳ್ಳಿ-ಧಾರವಾಡದ ತರಗತಿಗಳಲ್ಲಿ ಸಂತಾನೋತ್ಪತ್ತಿ, ಅನುವಂಶೀಯತೆ, ವಿಕಾಸ ಈ ಮೂರನ್ನೂ ಹತ್ತಿಯ ಹೂವಿನಿಂದ ಆರಂಭಿಸಿ ಕಲಿಸಬೇಕು. ಮೆಂಡೆಲ್ ಬೇಡವೆಂದಲ್ಲ. ನಮ್ಮ ಮಕ್ಕಳಿಗೆ ನಿಜವಾಗಿಯೂ ಇರುವ ಒಂದು ಪ್ರಶ್ನೆಗೆ ಉತ್ತರ ಹೇಳುವವನಾಗಿ ಅವನು ತರಗತಿಗೆ ಬರಬೇಕು.

ಹತ್ತಿಯೇ ಏಕೆ? ಈ ವಿಷಯದಲ್ಲಿ ಜಗತ್ತೇ ಗಮನಿಸುವಂಥ ಕೆಲಸವೊಂದು ನಮ್ಮ ಧಾರವಾಡದಲ್ಲಿಯೇ ನಡೆದಿದೆ. 1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಸಿ. ಟಿ. ಪಟೇಲ್ ಅವರು "ಹೈಬ್ರಿಡ್-4" ಎಂಬ ಹತ್ತಿಯನ್ನು ಹೊರತಂದರು. ವಾಣಿಜ್ಯ ಬೆಳೆಯಾಗಿ ರೈತರ ಹೊಲಕ್ಕೆ ಬಂದ ಜಗತ್ತಿನ ಮೊದಲ ಸಂಕರ ಹತ್ತಿ ಅದು. ಆದರೆ ಅದರ ತಂದೆ ತಾಯಿ ಎರಡೂ ಒಂದೇ ಪ್ರಭೇದಕ್ಕೆ, ಅಂದರೆ ಗಾಸಿಪಿಯಮ್ ಹಿರ್ಸುಟಮ್‌ಗೆ, ಸೇರಿದವು. ಎರಡು ವರ್ಷಗಳ ನಂತರ, 1972ರಲ್ಲಿ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದ ಡಾ. ಬಿ. ಎಚ್. ಕಾತರಕಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಿರ್ಸುಟಮ್ ಪ್ರಭೇದದ "ಲಕ್ಷ್ಮಿ" ತಳಿಯನ್ನು ತಾಯಿಯಾಗಿಯೂ ಬಾರ್ಬಡೆನ್ಸ್ ಎಂಬ ಬೇರೆಯೇ ಪ್ರಭೇದದ ಎಸ್.ಬಿ. 289 ಇ ತಳಿಯನ್ನು ತಂದೆಯಾಗಿಯೂ ಇಟ್ಟುಕೊಂಡು "ವರಲಕ್ಷ್ಮಿ"ಯನ್ನು ಕೊಟ್ಟರು. ಎರಡು ಪ್ರಭೇದಗಳನ್ನು ಕೂಡಿಸಿ ರೈತರ ಹೊಲಕ್ಕೆ ತಂದ ಮೊದಲ ಸಂಕರ ಹತ್ತಿ ಇದು. 1981ರಲ್ಲಿ ಅವರದೇ ಡಿ.ಸಿ.ಎಚ್. 32 ಬಂದಿತು. ಧಾರವಾಡ ಕಾಟನ್ ಹೈಬ್ರಿಡ್ ಎಂಬುದರ ಮೊದಲಕ್ಷರಗಳವು. ರೈತರ ಬಾಯಲ್ಲಿ ಅದು "ಜಯಲಕ್ಷ್ಮಿ". ನಮ್ಮ ಎಷ್ಟೋ ವಿದ್ಯಾರ್ಥಿಗಳ ಅಜ್ಜಂದಿರು ಅದನ್ನು ಬೆಳೆದವರು.

ಎರಡು ಪ್ರಭೇದಗಳನ್ನು ಕೂಡಿಸುವ ಅಗತ್ಯವೇನಿತ್ತು ಎಂದು ಮಕ್ಕಳನ್ನು ಕೇಳಬಹುದು. ಹಿರ್ಸುಟಮ್ ನಮ್ಮ ಹವೆಗೆ ಹೊಂದಿಕೊಂಡು ಹೆಚ್ಚು ಕಾಯಿ ಕಟ್ಟುತ್ತದೆ, ಎಳೆ ಮಧ್ಯಮ ಉದ್ದದ್ದು. ಬಾರ್ಬಡೆನ್ಸ್ ಎಳೆ ಉದ್ದ, ನಯ, ಗಟ್ಟಿ. ಆದರೆ ಗಿಡ ನಮ್ಮಲ್ಲಿ ಅಷ್ಟಾಗಿ ಒಗ್ಗುವುದಿಲ್ಲ. ಇವೆರಡರ ಮಗುವಿನಲ್ಲಿ ಕಾಯಿಯೂ ಹೆಚ್ಚು, ಎಳೆಯೂ 32 ಮಿ.ಮೀ.ಗಿಂತ ಉದ್ದ. ಸಣ್ಣ ನೂಲಿನ ನಯವಾದ ಬಟ್ಟೆಗೆ ಬೇಕಾಗುವ ಹತ್ತಿ ಅದು. ಕೊರತೆಗಳೂ ಇದ್ದವು: ರಸ ಹೀರುವ ಕೀಟ ಮತ್ತು ಕಾಯಿಕೊರಕ ಹುಳದ ಕಾಟ ಹೆಚ್ಚು, ಔಷಧದ ಖರ್ಚೂ ಹೆಚ್ಚು. ಇವನ್ನೂ ಮಕ್ಕಳಿಗೆ ಹೇಳಬೇಕು. ವಿಜ್ಞಾನಿಯ ಸಾಧನೆಯನ್ನು ಜಯಂತಿಯ ಭಾಷಣದಂತೆ ಹೇಳಿದರೆ ಮಕ್ಕಳು ಅದನ್ನು ನಂಬುವುದೂ ಇಲ್ಲ, ನೆನಪಿಡುವುದೂ ಇಲ್ಲ.

ಈಗ ಹೂವಿಗೆ ಬರೋಣ. ಹತ್ತಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿವೆ. ಕೇಸರಗಳೆಲ್ಲ ಬುಡದಲ್ಲಿ ಕೂಡಿಕೊಂಡು ಶಲಾಕೆಯ ಸುತ್ತ ಒಂದು ಕೊಳವೆಯಂತಾಗಿರುತ್ತವೆ. ದಾಸವಾಳದಲ್ಲಿ ನಾವು ನೋಡುವುದೂ ಇದನ್ನೇ; ಹತ್ತಿ, ದಾಸವಾಳ, ಬೆಂಡೆ ಮೂರೂ ಒಂದೇ ಕುಟುಂಬದವು. ಹೂವನ್ನು ಅದರ ಪಾಡಿಗೆ ಬಿಟ್ಟರೆ ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ; ಸ್ವಲ್ಪ ಭಾಗ ಜೇನುಹುಳುಗಳ ಮೂಲಕ ಪರಕೀಯವಾಗುತ್ತದೆ. ಸಂಕರ ಬೀಜ ಬೇಕಾದರೆ ನಾಳೆ ಅರಳಲಿರುವ ಮೊಗ್ಗನ್ನು ಇಂದು ಮಧ್ಯಾಹ್ನದ ನಂತರವೇ ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಸುತ್ತ ಗೀರಿ ದಳಗಳನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೆ ಕಳಚಬೇಕು. ಅಂಡಾಶಯಕ್ಕೆ ಉಗುರು ತಾಗಬಾರದು, ಶಲಾಕೆ ಮುರಿಯಬಾರದು. ನಂತರ ಕಾಗದದ ಸಣ್ಣ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವನ್ನು ತಂದು ಶಲಾಕಾಗ್ರಕ್ಕೆ ಸವರಬೇಕು. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂವುಗಳಿಗೆ ಸಾಕು. ಗುರುತಿಗೆ ದಾರ ಕಟ್ಟಬೇಕು. ದಾರವಿರುವ ಕಾಯಿಯನ್ನು ಮಾತ್ರ ಬೀಜಕ್ಕೆ ಬಿಡಿಸಬೇಕು. ಒಂದೊಂದು ಹೂವಿಗೂ ಇಷ್ಟೂ ಕೆಲಸ ಆಗಬೇಕು. ಅಂಗಡಿಯ ಪೊಟ್ಟಣದಲ್ಲಿರುವ ಪ್ರತಿ ಕಾಳಿನ ಹಿಂದೆ ಯಾರದೋ ಹೆಬ್ಬೆರಳಿದೆ.

ಮೆಂಡೆಲ್ ಬಟಾಣಿಯಲ್ಲಿ ಮಾಡಿದ್ದು ಇದೇ ಕೆಲಸ. ಹಾಗಾದರೆ ಆ ಹುಡುಗಿ ಎದ್ದು ನಿಂತದ್ದು ಪಾಠಕ್ಕೆ ಅಡ್ಡಿಯಾಗಿರಲಿಲ್ಲ. ಆ ಕೊಠಡಿಯಲ್ಲಿದ್ದವರ ಪೈಕಿ, ನನ್ನನ್ನೂ ಸೇರಿಸಿ, ಮೆಂಡೆಲನ ಕೆಲಸವನ್ನು ಸ್ವಂತ ಕೈಯಿಂದ ಮಾಡಿದ್ದವಳು ಅವಳೊಬ್ಬಳೇ.

ಇನ್ನು ಅಜ್ಜನ ಪ್ರಶ್ನೆ. ಸಂಕರ ಹತ್ತಿಯ ಕಾಳು ಬಂಜೆಯಲ್ಲ. ಅದು ಮೊಳೆಯುತ್ತದೆ, ಗಿಡವಾಗುತ್ತದೆ, ಕಾಯಿಯನ್ನೂ ಕಟ್ಟುತ್ತದೆ. ಆದರೆ ಆ ಗಿಡಗಳು ಒಂದರಂತೆ ಒಂದು ಇರುವುದಿಲ್ಲ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ದುಂಡು ಬೀಜ ಮತ್ತು ಸುಕ್ಕು ಬೀಜದ ಬಟಾಣಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು. ಅವನ್ನು ತಮ್ಮಷ್ಟಕ್ಕೆ ಬೀಜ ಕಟ್ಟಲು ಬಿಟ್ಟಾಗ ಎರಡನೆಯ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು. ಅಡಗಿದ್ದ ಗುಣ ಮತ್ತೆ ಹೊರಗೆ ಬಂತು. ನಮ್ಮ ಪಾಠಗಳು ಇಲ್ಲಿಗೆ ನಿಂತುಬಿಡುತ್ತವೆ. "ಹಾಗಾದರೆ ರೈತ ಎರಡನೆಯ ಪೀಳಿಗೆಯನ್ನು ಬಿತ್ತಿದರೆ ಏನಾದೀತು?" ಎಂಬ ಒಂದೇ ಒಂದು ಪ್ರಶ್ನೆ ಸೇರಿಸಿದರೆ ಪಾಠ ಹೊಲಕ್ಕೆ ನಡೆಯುತ್ತದೆ. ಅಂಗಡಿಯಿಂದ ತಂದ ಕಾಳು ಮೊದಲ ಪೀಳಿಗೆ. ಅದರ ಹೊಲದಿಂದ ಅಜ್ಜ ಎತ್ತಿಟ್ಟ ಕಾಳು ಎರಡನೆಯ ಪೀಳಿಗೆ.

ಬಟಾಣಿಯಲ್ಲಿ ಒಂದು ಜೋಡಿ ವಂಶವಾಹಿಯ ಲೆಕ್ಕ ಮಾಡುತ್ತೇವೆ. ಚೌಕದಲ್ಲಿ 4 ಮನೆ. ಎರಡು ಜೋಡಿಗೆ 16, ಮೂರು ಜೋಡಿಗೆ 64. ಎರಡು ಪ್ರಭೇದಗಳ ನಡುವೆ ವ್ಯತ್ಯಾಸವಿರುವ ಜೋಡಿಗಳು ಇದಕ್ಕಿಂತ ಬಹಳ ಹೆಚ್ಚು. ಹತ್ತೇ ಜೋಡಿ ಹಿಡಿದರೂ ಚೌಕದಲ್ಲಿ 10,48,576 ಮನೆಗಳಾಗುತ್ತವೆ. ಮೊದಲ ಪೀಳಿಗೆಯ ಗಿಡದಲ್ಲಿ ಹತ್ತೂ ಜೋಡಿಗಳು ಮಿಶ್ರವಾಗಿರುತ್ತವೆ: ಒಂದು ತಾಯಿಯದು, ಒಂದು ತಂದೆಯದು. ಅದರ ಕಾಳಿನಲ್ಲಿ ಒಂದು ಜೋಡಿ ಮತ್ತೆ ಮಿಶ್ರವಾಗಿಯೇ ಬರುವ ಸಂಭವ ಅರ್ಧ. ಹತ್ತೂ ಹಾಗೆಯೇ ಬರುವ ಸಂಭವ 1,024ರಲ್ಲಿ ಒಂದು. ಅಜ್ಜನ ಹೊಲದಲ್ಲಿ ತಾಯಿಗಿಡದಂಥದೇ ಗಿಡ ಹುಡುಕುವುದು ಅಷ್ಟು ಕಷ್ಟ. ಜೊತೆಗೆ, ಬೇರೆ ಬೇರೆ ದಾರಿಯಲ್ಲಿ ವಿಕಾಸಗೊಂಡ ಎರಡು ಪ್ರಭೇದಗಳ ವಂಶವಾಹಿಗಳು ಎರಡನೆಯ ಪೀಳಿಗೆಯಲ್ಲಿ ಹೇಗೆಂದರೆ ಹಾಗೆ ಕಲೆತಾಗ, ಹಲವು ಗಿಡಗಳು ಸೊರಗುತ್ತವೆ, ಕೆಲವು ಸರಿಯಾಗಿ ಕಾಯಿಯನ್ನೇ ಕಟ್ಟುವುದಿಲ್ಲ. ಹಿರ್ಸುಟಮ್ ಮತ್ತು ಬಾರ್ಬಡೆನ್ಸ್ ಸಂಕರದಲ್ಲಿ ಇದು ಎದ್ದು ಕಾಣುತ್ತದೆ.

ಇದನ್ನು ತರಗತಿಯಲ್ಲಿ ಮಾಡಿ ತೋರಿಸಲು ಒಂದು ನಾಣ್ಯ ಸಾಕು. ಪ್ರತಿ ಮಗು ಹತ್ತು ಸಲ ನಾಣ್ಯ ಚಿಮ್ಮಲಿ. ಒಂದು ಮುಖ ಬಿದ್ದರೆ ಆ ಜೋಡಿ ಮಿಶ್ರವಾಗಿ ಉಳಿಯಿತು, ಇನ್ನೊಂದು ಮುಖ ಬಿದ್ದರೆ ಶುದ್ಧವಾಯಿತು. ಮಿಶ್ರವಾಗಿ ಉಳಿದವೆಷ್ಟು ಎಂದು ಬರೆದುಕೊಳ್ಳಲಿ. ನಲವತ್ತು ಮಕ್ಕಳ ತರಗತಿಯಲ್ಲಿ ಹೆಚ್ಚಿನವರಿಗೆ ನಾಲ್ಕು, ಐದು, ಆರು ಬರುತ್ತವೆ. ಹತ್ತೂ ಬರುವ ಮಗು ಬಹುಶಃ ಇರುವುದಿಲ್ಲ. ಆ ನಲವತ್ತು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆಸಿ, "ಇದು ಅಜ್ಜನ ಹೊಲ" ಎಂದು ಹೇಳಿ. ಸಂಭವನೀಯತೆ ಅದೇ ವರ್ಷದ ಗಣಿತದಲ್ಲಿಯೂ ಇದೆ. ಗಣಿತದ ಪ್ರಶಿಕ್ಷಣಾರ್ಥಿಯೂ ಈ ಪಾಠದಲ್ಲಿ ಕೈಗೂಡಿಸಬಹುದು.

ಬಿ.ಟಿ.ಯ ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. ಸಂಕರ ಎಂದರೆ ಎರಡು ತಳಿಗಳ ನಡುವೆ ಪರಾಗಸ್ಪರ್ಶ. ಬಿ.ಟಿ. ಎಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಹತ್ತಿಗೆ ಸೇರಿಸುವುದು. ಭಾರತದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಜಯಲಕ್ಷ್ಮಿ ಅದಕ್ಕಿಂತ 21 ವರ್ಷ ಹಿರಿಯಳು. ಹಾಗೆಯೇ, ಬೀಜ ಎತ್ತಿಡಲು ಕಾನೂನಿನ ಅಡ್ಡಿಯಿದೆ ಎಂದು ನಂಬಿರುವ ಪ್ರಶಿಕ್ಷಣಾರ್ಥಿಗಳೂ ಇದ್ದಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ತನ್ನ ಬೆಳೆಯ ಬೀಜವನ್ನು ಉಳಿಸಿಕೊಂಡು ಮತ್ತೆ ಬಿತ್ತುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಸಂಕರ ಬೀಜದ ವಿಷಯದಲ್ಲಿ ಅವನ ಕೈ ಕಟ್ಟುವುದು ಎರಡನೆಯ ಪೀಳಿಗೆಯ ಸ್ವಭಾವ. "ಜಯಧರ"ದಂಥ ಶುದ್ಧ ತಳಿಯ ಬೀಜವನ್ನಾದರೆ ಬೇರೆ ತಳಿಯ ಬೆರಕೆಯಾಗದಂತೆ ನೋಡಿಕೊಂಡು ವರ್ಷ ವರ್ಷ ಎತ್ತಿಟ್ಟು ಬಿತ್ತಬಹುದು. ಬೀಜಕ್ಕೆ ಯಾವ ವರ್ಷ ಹಣ ಕೊಡಬೇಕು, ಯಾವ ಬೀಜವನ್ನು ಮನೆಯಲ್ಲೇ ಇಡಬಹುದು ಎಂಬುದು ಒಕ್ಕಲುತನದ ಮನೆಯಲ್ಲಿ ಪ್ರತಿ ಮುಂಗಾರಿನ ಪ್ರಶ್ನೆ. ಅದಕ್ಕೆ ಉತ್ತರಿಸುವ ಪಾಠ ನಮ್ಮ ಕೈಯಲ್ಲಿದ್ದೂ ನಾವು ಅದನ್ನು ಬಟಾಣಿಯ ಬಣ್ಣಕ್ಕೇ ಮುಗಿಸುತ್ತಿದ್ದೇವೆ.

ಜಯಧರದ ಹೆಸರು ಬಂದಿತು. ವಿಕಾಸದ ಪಾಠಕ್ಕೆ ಅದೇ ದಾರಿ. ಜಯಧರ ನಮ್ಮ ಜವಾರಿ ಹತ್ತಿಯ ಜಾತಿ, ಗಾಸಿಪಿಯಮ್ ಹರ್ಬೇಸಿಯಮ್. ಅದರ ಜೀವಕೋಶದಲ್ಲಿ 26 ವರ್ಣತಂತುಗಳು. ಅಮೆರಿಕದಿಂದ ಬಂದ ಹಿರ್ಸುಟಮ್, ಬಾರ್ಬಡೆನ್ಸ್ ಎರಡರಲ್ಲೂ 52. ಏಕೆ ಸರಿಯಾಗಿ ಎರಡು ಪಟ್ಟು? ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ, ನಮ್ಮ ಜವಾರಿ ಹತ್ತಿಯ ಹತ್ತಿರದ ಬಂಧುವಾದ ಒಂದು ಹತ್ತಿ, ಹೇಗೋ ಸಾಗರ ದಾಟಿ ಅಮೆರಿಕ ಖಂಡ ತಲುಪಿ, ಅಲ್ಲಿಯ 26 ವರ್ಣತಂತುಗಳ ಕಾಡುಹತ್ತಿಯೊಂದಿಗೆ ಸಂಕರಗೊಂಡಿತು. ಆ ಸಂಕರದಲ್ಲಿ ವರ್ಣತಂತುಗಳು ಇಮ್ಮಡಿಯಾಗಿ 52ರ ಹೊಸ ವಂಶ ಹುಟ್ಟಿತು. ಅದೇ ವಂಶ ಮುಂದೆ ಕವಲೊಡೆದು ಹಿರ್ಸುಟಮ್, ಬಾರ್ಬಡೆನ್ಸ್ ಮೊದಲಾದ ಪ್ರಭೇದಗಳಾದವು. 1940ರಲ್ಲಿ ಅಮೆರಿಕದ ಜೆ. ಒ. ಬೀಸ್ಲಿ ಏಷ್ಯಾದ ಹತ್ತಿಯನ್ನು ಅಮೆರಿಕದ ಕಾಡುಹತ್ತಿಯೊಂದಿಗೆ ಕೂಡಿಸಿ, ವರ್ಣತಂತುಗಳನ್ನು ಇಮ್ಮಡಿಗೊಳಿಸಿ, ಹಿರ್ಸುಟಮ್ ಜೊತೆ ಕೂಡಬಲ್ಲ ಗಿಡವನ್ನು ಪಡೆದರು. ಪ್ರಕೃತಿ ಒಮ್ಮೆ ನಡೆದ ದಾರಿಯನ್ನು ಪ್ರಯೋಗದಲ್ಲಿ ಮತ್ತೆ ನಡೆದು ನೋಡಿದಂತೆ.

ಹತ್ತೊಂಬತ್ತನೆಯ ಶತಮಾನದಲ್ಲಿ "ಧಾರವಾಡ-ಅಮೆರಿಕನ್" ಎಂಬ ಹೆಸರಿನಲ್ಲಿ ಅಮೆರಿಕದ ಹತ್ತಿ ನಮ್ಮ ಎರಿಭೂಮಿಗೆ ಬಂತು. 1861ರಿಂದ 1865ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ನಮ್ಮ ಭಾಗದ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂದದ್ದು ಇತಿಹಾಸ. ಹೀಗೆ ಒಂದೇ ಹೊಲದ ಬದುವಿನ ಎರಡು ಬದಿಗೆ, ಸಾಗರ ದಾಟಿ ಹೋದವಳ ಮೊಮ್ಮಕ್ಕಳೂ ಊರಲ್ಲೇ ಉಳಿದವಳ ಮೊಮ್ಮಕ್ಕಳೂ ಬೆಳೆದರು. ಇವೆರಡನ್ನೂ ಕೂಡಿಸಿದರೆ 39 ವರ್ಣತಂತುಗಳ ಗಿಡ ಬರುತ್ತದೆ. ಆ ಗಿಡ ಬಂಜೆ. ವರ್ಣತಂತುಗಳು ಜೋಡಿಯಾಗಲಾರವು. ವರಲಕ್ಷ್ಮಿ ಏಕೆ ಸಾಧ್ಯವಾಯಿತು, ಜಯಧರ ಮತ್ತು ಲಕ್ಷ್ಮಿಯ ನಡುವೆ ಅದೇ ಕೆಲಸ ಏಕೆ ಅಷ್ಟು ಸುಲಭವಲ್ಲ ಎಂಬುದನ್ನು ಮಕ್ಕಳು 26, 52, 39 ಎಂಬ ಮೂರು ಸಂಖ್ಯೆಗಳಿಂದಲೇ ತರ್ಕಿಸಬಲ್ಲರು. ಪ್ರಶಿಕ್ಷಣಾರ್ಥಿಗಳು ಹೇಳಿದ "ಬಂಜೆ" ಎಂಬ ಮಾತಿಗೆ ಸರಿಯಾದ ಜಾಗ ಇದು.

ಇಷ್ಟು ಹೇಳಿದ ಮೇಲೆ ಸಹೋದ್ಯೋಗಿಗಳ ಆಕ್ಷೇಪಗಳನ್ನೂ ನೋಡಬೇಕು. ಮೊದಲನೆಯದು ಪರೀಕ್ಷೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಹತ್ತಿ ಬರುವುದಿಲ್ಲ, ಬಟಾಣಿ ಬರುತ್ತದೆ ಎನ್ನುತ್ತಾರೆ. ನಿಜ. ಆದರೆ ಹತ್ತಿಯಿಂದ ಆರಂಭಿಸಿದ ಪಾಠವೂ ಬಟಾಣಿಯ ಚೌಕಕ್ಕೇ ಬಂದು ತಲುಪುತ್ತದೆ. ಏಕೆ ಬರೆಯುತ್ತಿದ್ದೇವೆ ಎಂದು ತಿಳಿದ ಮಗು ಅದನ್ನು ಕೆಟ್ಟದಾಗಿ ಬರೆಯಲಾರದು.

ಎರಡನೆಯದು, ಹುಬ್ಬಳ್ಳಿಯ ನಡುಪೇಟೆಯ ಶಾಲೆಗೆ ಹತ್ತಿ ಹೂವು ಎಲ್ಲಿಂದ ತರುವುದು? ಮುಂಗಾರಿಗೆ ಬಿತ್ತಿದ ಹತ್ತಿ ಸೆಪ್ಟೆಂಬರ್ ಹೊತ್ತಿಗೆ ಹೂವಾಡುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಹೊಲ ಸಿಗುತ್ತದೆ. ಅದೂ ಆಗದಿದ್ದರೆ ಬೆಂಡೆ ಇದೆ. ಶಾಲೆಯ ಕೈತೋಟದಲ್ಲಿ ನಾಲ್ಕು ಬೆಂಡೆಗಿಡ ಬೆಳೆದರೆ ಸುಮಾರು ಒಂದೂವರೆ ತಿಂಗಳಲ್ಲಿ ಹೂವು. ಉಗುರಿನ ಕೆಲಸ ಅದರಲ್ಲೂ ನಡೆಯುತ್ತದೆ, ಸಂಕರ ಬೀಜವನ್ನೂ ಮಕ್ಕಳೇ ಮಾಡಬಹುದು. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ. ವರ್ಷಕ್ಕೊಮ್ಮೆ ಕೃಷಿ ಮೇಳಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬರುವುದರ ಬದಲು, ಅಲ್ಲಿಯ ಹತ್ತಿ ತಾಕಿನಲ್ಲಿ ಒಂದು ಬೆಳಿಗ್ಗೆ ಕಳೆಯಲು ಪ್ರಶಿಕ್ಷಣಾರ್ಥಿಗಳನ್ನು ಕಳಿಸೋಣ.

ಮೂರನೆಯ ಆಕ್ಷೇಪ ನನ್ನದೇ. "ಸ್ಥಳೀಯ ಉದಾಹರಣೆ" ಎಂದು ಹೇಳಿದ ಮರುದಿನವೇ ನಮ್ಮ ಪಾಠಯೋಜನೆಗಳಲ್ಲಿ ಅದೊಂದು ಬೋಧನೋಪಕರಣವಾಗಿಬಿಡುತ್ತದೆ. ಪ್ರಶಿಕ್ಷಣಾರ್ಥಿ ಒಂದು ಹತ್ತಿಕಾಯಿ ತರುತ್ತಾನೆ, ಪೀಠಿಕೆಯಲ್ಲಿ "ಇದೇನು?" ಎಂದು ಕೇಳುತ್ತಾನೆ, ಮಕ್ಕಳು "ಹತ್ತಿ" ಎನ್ನುತ್ತಾರೆ, ಕಾಯಿ ಚೀಲ ಸೇರುತ್ತದೆ, ಉಳಿದ 35 ನಿಮಿಷ ಮತ್ತೆ ಬಟಾಣಿ. ಹತ್ತಿ ಪೀಠಿಕೆಗೆ ಬಂದು ಹೋದರೆ ಪ್ರಯೋಜನವಿಲ್ಲ. ಪ್ರಶ್ನೆ ಹತ್ತಿಯದಾಗಿರಬೇಕು. ನನ್ನ ಸಲಹೆ ಮೂರು ಅವಧಿಗಳದು. ಮೊದಲ ಅವಧಿಯಲ್ಲಿ ಹೂವು ಬಿಡಿಸಿ ಭಾಗಗಳನ್ನು ಗುರುತಿಸಿ ಪರಾಗಸ್ಪರ್ಶ ಮಾಡಿ ನೋಡುವುದು. ಎರಡನೆಯದರಲ್ಲಿ ಅಜ್ಜನ ಪ್ರಶ್ನೆ, ಮೆಂಡೆಲನ ಲೆಕ್ಕ, ನಾಣ್ಯದ ಆಟ. ಮೂರನೆಯದರಲ್ಲಿ 26, 52, 39ರ ಕಥೆ. ಈಗ ಬೇರೆ ಬೇರೆ ಪಾಠಗಳಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆಯುವ ವಿಷಯಗಳು ಆಗ ಒಂದೇ ಗಿಡದಲ್ಲಿ ಕೂಡಿಕೊಳ್ಳುತ್ತವೆ.

ಎಲ್ಲಕ್ಕಿಂತ ಕಷ್ಟದ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಆ ಹುಡುಗಿಯ ಕೌಶಲವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಏಳನೆಯ ತರಗತಿಯಲ್ಲಿದ್ದಾಗ ಎರಡು ತಿಂಗಳು ಶಾಲೆ ಬಿಟ್ಟು ಅವಳು ಅದನ್ನು ಕಲಿತಳು. ಹತ್ತಿ ಬೀಜೋತ್ಪಾದನೆಯಲ್ಲಿ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ದುಡಿಮೆ ನಮ್ಮ ರಾಜ್ಯವೂ ಸೇರಿದಂತೆ ಹಲವು ಕಡೆ ದಾಖಲಾಗಿರುವ ಸಂಗತಿ. "ಸಣ್ಣ ಬೆರಳಿನವರಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಕೂಲಿ ಕಡಿಮೆ ಎಂಬುದನ್ನು ಮುಚ್ಚುವ ಮಾತು ಅದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವೂ ಶಾಲೆಯಲ್ಲಿರಬೇಕು ಎನ್ನುತ್ತದೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಇಂಥ ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ.

ಹಾಗಾದರೆ ಶಿಕ್ಷಕಿ ಆ ಕ್ಷಣದಲ್ಲಿ ಏನು ಮಾಡಬೇಕಿತ್ತು? ಅವಳನ್ನು ಮುಂದೆ ಕರೆದು "ನೀನು ಎಲ್ಲಿ ಕೂಲಿ ಮಾಡಿದ್ದೆ ಹೇಳು" ಎಂದು ಎಲ್ಲರೆದುರು ಕೇಳುವುದು ಕ್ರೌರ್ಯ. ಅವಳ ಮಾತನ್ನು ಕೇಳದೆ ಕೂರಿಸುವುದೂ ಇನ್ನೊಂದು ಬಗೆಯ ಕ್ರೌರ್ಯ. ಕೈಯಲ್ಲಿ ಒಂದು ಹೂವಿದ್ದಿದ್ದರೆ ದಾರಿ ಸುಲಭವಿತ್ತು: "ಬಾ, ಹೇಗೆ ತೆಗೆಯುತ್ತಾರೆ ತೋರಿಸು" ಎಂದರೆ ಸಾಕಿತ್ತು. ಎಲ್ಲಿ ಕಲಿತೆ ಎಂದು ಕೇಳುವುದು ಬೇಕಿರಲಿಲ್ಲ. ಅವಳು ತೋರಿಸುತ್ತಿದ್ದಳು, ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು, ಶಿಕ್ಷಕಿ ಆ ಕ್ರಿಯೆಗೆ ಪುಸ್ತಕದ ಹೆಸರನ್ನು ಕೊಡುತ್ತಿದ್ದಳು. ಕೆಲಸದ ವಿಷಯ, ತಪ್ಪಿಹೋದ ಎರಡು ತಿಂಗಳ ವಿಷಯ, ಅವಳ ತಂಗಿ ಈಗ ಶಾಲೆಗೆ ಬರುತ್ತಿದ್ದಾಳೆಯೇ ಎಂಬ ವಿಷಯ, ಇವೆಲ್ಲ ಮುಖ್ಯೋಪಾಧ್ಯಾಯರ ಜೊತೆ, ಪಾಲಕರ ಜೊತೆ ಪ್ರತ್ಯೇಕವಾಗಿ ಆಡಬೇಕಾದ ಮಾತು. ಅದೂ ಶಿಕ್ಷಕರ ಕೆಲಸವೇ. ಈ ಎರಡು ಕೆಲಸಗಳನ್ನು ಬೇರೆ ಮಾಡಿ ಹಿಡಿಯುವ ವಿವೇಕವನ್ನು ಬಿ.ಇಡಿ.ಯ ಎರಡು ವರ್ಷಗಳಲ್ಲಿ ನಾವು ಎಲ್ಲಿಯೂ ಅಭ್ಯಾಸ ಮಾಡಿಸುತ್ತಿಲ್ಲ.

ಹಾಗಾಗಿ ನಮ್ಮ ಅವಲೋಕನ ಪತ್ರಕ್ಕೆ ಒಂದು ಸಾಲು ಸೇರಿಸಬೇಕೆಂದು ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ: "ಪಾಠದ ನಡುವೆ ಮಕ್ಕಳು ತಾವಾಗಿ ಆಡಿದ ಮಾತು ಯಾವುದು? ಶಿಕ್ಷಕರು ಅದನ್ನು ಏನು ಮಾಡಿದರು?" ಇದಕ್ಕೆ ಅಂಕ ಬೇಡ. ಉತ್ತರ ಬರೆದರೆ ಸಾಕು. ಬರೆಯಬೇಕಾದಾಗ ನಾವು ಕೇಳಿಸಿಕೊಳ್ಳಲು ಆರಂಭಿಸುತ್ತೇವೆ. ಪ್ರಶಿಕ್ಷಣಾರ್ಥಿಗಳಿಗೆ ನನ್ನ ಮಾತು ಇಷ್ಟೇ: ಮುಂದಿನ ಬಾರಿ ಮೆಂಡೆಲನ ಪಾಠಯೋಜನೆ ಬರೆಯುವ ಮುನ್ನ ಒಂದು ಬೆಂಡೆ ಹೂವನ್ನಾದರೂ ನಿಮ್ಮ ಉಗುರಿನಿಂದ ಬಿಡಿಸಿ ನೋಡಿ. ಮೊದಲ ಹತ್ತು ಹೂವುಗಳಲ್ಲಿ ಶಲಾಕೆ ಮುರಿಯುತ್ತದೆ. ನನ್ನ ಕೈಯಲ್ಲಿ ಹದಿನಾಲ್ಕು ಮುರಿದವು.

ಆ ಹುಡುಗಿಗೆ ಉತ್ತರ ಹೇಳಲು ಮರುವಾರ ಮತ್ತೆ ಆ ಶಾಲೆಗೆ ಹೋಗಿದ್ದೆ. ಪ್ರಶಿಕ್ಷಣಾರ್ಥಿಯೂ ಬಂದಿದ್ದಳು, ನಾಣ್ಯದ ಆಟವನ್ನು ಅವಳೇ ಆಡಿಸಿದಳು. ಹುಡುಗಿಗೆ ಹತ್ತರಲ್ಲಿ ನಾಲ್ಕು ಬಂತು. ಹಲಗೆಯ ಮೇಲಿನ ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡಿ, "ಹಂಗಂದ್ರ ಅಜ್ಜನ ತಪ್ಪಲ್ರಿ ಅದು" ಎಂದಳು.